ಲಿಥಿಯಮ್ಮಿನ ಲವಣವೂ ಅದರ ನಿಜವಾದ ಬೆಲೆಯೂ

ಲಿಥಿಯಮ್ಮಿನ ಲವಣವನ್ನು ಪ್ಲಾಟಿನಮ್ ತಂತಿಯ ತುದಿಯಲ್ಲಿಟ್ಟು ಜ್ವಾಲೆಗೆ ಹಿಡಿದರೆ ಕಡುಗೆಂಪು ಬಣ್ಣ ತೋರುವುದನ್ನು ವಾಚಕರಲ್ಲಿ ಹಲವರು ಪ್ರಯೋಗಶಾಲೆಯಲ್ಲಿ ಕಂಡಿರಬಹುದು. ಇದೇ ಲಿಥಿಯಮ್ಮಿನ ಕಾರ್ಬೊನೇಟು ಮನೋರೋಗಕ್ಕೆ ಔಷಧವೂ ಹೌದು. ಉನ್ಮಾದಕ್ಕೆ ಇದು ಗುಣಕಾರಿಯೆಂದು ಆಸ್ಟ್ರೇಲಿಯದ ವೈದ್ಯರಾದ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದರು. ಉನ್ಮಾದ, ಖಿನ್ನತೆಗಳು ಮರಳಿ ಮರಳಿ ಬರುವ ಬೈಪೋಲಾರ್ ಕಾಯಿಲೆಯಲ್ಲಿ ಇಂದಿಗೂ ಇದರದು ಮುಖ್ಯ ಸ್ಥಾನ. ಸರಳ ಲವಣವಾದುದರಿಂದ ಗುಳಿಗೆ ಅಗ್ಗ. ಹಾಗಾದರೆ ಚಿಕಿತ್ಸೆಯೂ ಅಗ್ಗವೇ?

ಲಿಥಿಯಮ್ ಧಾತುವು ಸೋಡಿಯಮ್ಮಿನ ಬಂಧು. ಮೂತ್ರಪಿಂಡವು ಇವೆರಡನ್ನೂ ಬಹುಮಟ್ಟಿಗೆ ಒಂದೇ ರೀತಿಯಲ್ಲಿ ಕಾಣುತ್ತದೆ. ಬೆವರಿನಿಂದಲೋ ಭೇದಿಯಿಂದಲೋ ದೇಹದ ನೀರೂ ಉಪ್ಪೂ ಕಡಮೆಯಾದಾಗ, ಸೋಡಿಯಮ್ಮನ್ನು ಉಳಿಸಹೊರಟ ಮೂತ್ರಪಿಂಡ ಲಿಥಿಯಮ್ಮನ್ನೂ ಉಳಿಸಿಬಿಡುತ್ತದೆ. ರಕ್ತದ ಸೀರಮ್ಮಿನಲ್ಲಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇದ್ದರೆ ಅದು ಔಷಧ, 1.5ನ್ನು ಮೀರಿದರೆ ವಿಷದ ಲಕ್ಷಣಗಳು ತಲೆದೋರಬಹುದು. ಆದಕಾರಣ ಅಳೆಯುತ್ತಲೇ ಇರಬೇಕು: ಆರಂಭದಲ್ಲಿ ವಾರಕ್ಕೊಮ್ಮೆ, ಪ್ರಮಾಣ ನೆಲೆನಿಂತ ಮೇಲೆ ಮೂರು ಇಲ್ಲವೆ ಆರು ತಿಂಗಳಿಗೊಮ್ಮೆ. ಜ್ವಾಲೆಯ ಆ ಕೆಂಪನ್ನೇ ಅಳೆಯುವ ಉಪಕರಣ ಬಹುಕಾಲ ಈ ಕೆಲಸ ಮಾಡಿತೆಂಬುದು ಭೌತವಿಜ್ಞಾನದವರಾದ ನಮಗೊಂದು ಹೆಮ್ಮೆ.

ಈ ಅಳತೆಯ ವೆಚ್ಚವನ್ನು ಒಂದು ಊರಿನಲ್ಲಿಟ್ಟು ಲೆಕ್ಕಹಾಕೋಣ. ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಕಾಡುಗೋಡಿಯ ದಿನಗೂಲಿ ಕಾರ್ಮಿಕನೊಬ್ಬ ಹೊಸೂರು ರಸ್ತೆಯ ನಿಮ್ಹಾನ್ಸಿಗೆ ಹೋಗಬೇಕಾಗಿದೆ ಎನ್ನೋಣ. ನೇರ ರೇಖೆಯಲ್ಲಿಯೇ ಸುಮಾರು 18 ಕಿಲೋಮೀಟರು. ದಾರಿ ಇನ್ನೂ ಹೆಚ್ಚು. 2023ರಲ್ಲಿ ಮೆಟ್ರೋ ಕಾಡುಗೋಡಿಯನ್ನು ಮುಟ್ಟಿದುದರಿಂದ ಪ್ರಯಾಣ ಹಗುರಾಗಿದೆ, ನಿಜ. ಆದರೆ ರಾತ್ರಿಯ ಗುಳಿಗೆ ನುಂಗಿ 12 ಗಂಟೆಯಾದ ಮೇಲೆ ರಕ್ತ ತೆಗೆಯಬೇಕು, ಎಂದರೆ ಬೆಳಗ್ಗೆಯೇ. ಅವನ ಕೂಲಿ ಹೋಯಿತು. ಜೊತೆಗೆ ಬಂದವರದೂ ಹೋಯಿತು. ಒಬ್ಬರ ಕೂಲಿ 'ಕ', ಇಬ್ಬರ ಪ್ರಯಾಣ ಮತ್ತು ಊಟ 'ಪ' ಆದರೆ, ಒಂದು ಭೇಟಿಯ ವೆಚ್ಚ 2ಕ + ಪ. ವೈದ್ಯರ ಶುಲ್ಕವಾಗಲಿ ಗುಳಿಗೆಯ ಬೆಲೆಯಾಗಲಿ ಇದರಲ್ಲಿ ಇನ್ನೂ ಸೇರಿಲ್ಲ! ಸರಕಾರಿ ಚಿಕಿತ್ಸೆ ಪುಕ್ಕಟೆಯಲ್ಲವೇ ಎಂದು ಕೇಳುವವರು ಈ ಸಮೀಕರಣವನ್ನು ಬರೆದು ನೋಡಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ನಮ್ಮ ರಾಜ್ಯವನ್ನು ಒಳಗೊಂಡಿರಲಿಲ್ಲ. ಆದರೂ ಅದು ನಡೆದ 12 ರಾಜ್ಯಗಳಲ್ಲಿ ಕುಟುಂಬಗಳು ಚಿಕಿತ್ಸೆಗೂ ಪ್ರಯಾಣಕ್ಕೂ ತಿಂಗಳಿಗೆ ಸುಮಾರು 1,000ದಿಂದ 1,500 ರೂಪಾಯಿ ತೆರುತ್ತಿದ್ದುವೆಂದು ತಿಳಿದುಬಂದಿತು.

ದೂರವನ್ನೇ ಕಡಮೆ ಮಾಡುವ ಯತ್ನ ನಮ್ಮ ನಾಡಿನಲ್ಲಿಯೇ ನಡೆದಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗದ ಚಿಕಿತ್ಸೆಯಲ್ಲಿ ತರಬೇತು ನೀಡಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416ಕ್ಕೆ ದೂರವಾಣಿ ಮಾಡಿ ಪುಕ್ಕಟೆಯಾಗಿ, ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಆದರೆ ದೂರವಾಣಿಯಲ್ಲಿ ಮಾತು ಸಾಗುವಂತೆ ರಕ್ತ ಸಾಗದು. ಊರಿನ ಆರೋಗ್ಯ ಕೇಂದ್ರದಲ್ಲಿಯೇ ಬೆಳಗ್ಗೆ ರಕ್ತ ತೆಗೆದು, ಸೀರಮ್ಮನ್ನು ಬೇರ್ಪಡಿಸಿ ನಗರದ ಪ್ರಯೋಗಶಾಲೆಗೆ ಕಳುಹಿಸಿದರೆ 'ಪ' ಬಹುಪಾಲು ಅಳಿಸಿಹೋಗುತ್ತದೆ. ಜೊತೆಗಾರರ 'ಕ' ಕೂಡ ಉಳಿಯುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು: ರಕ್ತ ಹೆಪ್ಪುಗಟ್ಟದಂತೆ ಲಿಥಿಯಮ್ ಹೆಪಾರಿನ್ ಸವರಿದ ನಳಿಕೆಗಳು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿವೆ, ಈ ರಕ್ತವನ್ನು ಅವುಗಳಲ್ಲಿ ಹಿಡಿಯಬಾರದು.