ಸಾಧನ ಒಂದೇ, ತಲುಪುವ ದಾರಿ ಬೇರೆ

‘ರಿಜಿಸ್ಟರ್’ ಎಂದೊಡನೆ ವಿದ್ಯಾರ್ಥಿಗಳಿಗೆ ಹಾಜರಿ ಪುಸ್ತಕ ನೆನಪಾಗುವುದು ಸಹಜ. ಗಣಕದ ಪಾಠ ಕೇಳಿದವರು ಅದನ್ನು ಮೆಮೊರಿಯ ಒಂದು ಖಾನೆಯೆಂದು ಭಾವಿಸುತ್ತಾರೆ. ಸಾಧನದ ರಿಜಿಸ್ಟರ್ ಇವೆರಡೂ ಅಲ್ಲ. 16550 ಎಂಬ ಸೀರಿಯಲ್ ಪೋರ್ಟ್ ಚಿಪ್ಪನ್ನೇ ನೋಡಬಹುದು. ಅದು ಸ್ವೀಕರಿಸಿದ ಅಕ್ಷರವನ್ನು ಮೊದಲ ರಿಜಿಸ್ಟರ್‌ನಿಂದ ಓದಿದೊಡನೆ ಆ ಅಕ್ಷರ ಸಾಲಿನಿಂದ ಹೊರಬೀಳುತ್ತದೆ. ಮತ್ತೆ ಓದಿದರೆ ಸಿಗದು. ಇಲ್ಲಿ ಓದುವುದೂ ಒಂದು ಕ್ರಿಯೆ. ಆದಕಾರಣ ಕಂಪೈಲರ್ ಒಂದು ಓದನ್ನು ಅನಗತ್ಯವೆಂದು ಕೈಬಿಟ್ಟರೂ ಕೆಲಸ ಕೆಡುತ್ತದೆ. ಈ ಭೇದ ಮನದಟ್ಟಾಗುವವರೆಗೆ ಶಿಕ್ಷಕರು ಮುಂದುವರಿಯದಿರುವುದು ಲೇಸು.

ಇನ್ನು ವಿಳಾಸದ ಪ್ರಶ್ನೆ. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಸಾಧನಗಳಿಗೆಂದೇ 65,536 ಪೋರ್ಟ್ ವಿಳಾಸಗಳ ಪ್ರತ್ಯೇಕ ವಲಯವಿದೆ. ಅದನ್ನು ಮುಟ್ಟಲು ‘ಇನ್’, ‘ಔಟ್’ ಎಂಬ ಪ್ರತ್ಯೇಕ ಆದೇಶಗಳಿವೆ. ಪಿಸಿಯ ಮೊದಲ ಸೀರಿಯಲ್ ಪೋರ್ಟ್ ವಾಡಿಕೆಯಂತೆ 1016ರಲ್ಲಿ ಆರಂಭವಾಗುತ್ತದೆ. ಕಳುಹಿಸುವ ಜಾಗ ಖಾಲಿಯಿದೆಯೇ ಎಂದು ತಿಳಿಸುವ ಸ್ಥಿತಿ ರಿಜಿಸ್ಟರ್ ಐದು ಸ್ಥಾನ ಮುಂದೆ, 1021ರಲ್ಲಿದೆ. ಆರ್ಮ್ ಪ್ರೊಸೆಸರ್‌ನಲ್ಲಿ ಇಂತಹ ಆದೇಶಗಳೇ ಇಲ್ಲ; ಸಾಧನವು ಮೆಮೊರಿಯ ವಿಳಾಸಗಳ ನಡುವೆಯೇ ಕುಳಿತಿರುತ್ತದೆ. ಎಷ್ಟೋ ಆರ್ಮ್ ಬೋರ್ಡ್‌ಗಳಲ್ಲಿ ಒಂದು ರಿಜಿಸ್ಟರ್‌ನಿಂದ ಮುಂದಿನದಕ್ಕೆ ನಾಲ್ಕು ಬೈಟ್‌ಗಳ ಅಂತರವಿರುತ್ತದೆ. ಅಲ್ಲಿ ಅದೇ ಸ್ಥಿತಿ ರಿಜಿಸ್ಟರ್ 5ರಲ್ಲಲ್ಲ, ಆರಂಭದಿಂದ 20 ಬೈಟ್ ದೂರದಲ್ಲಿ ಸಿಗುತ್ತದೆ. ‘5’ ಎಂದು ಬರೆದಿಟ್ಟ ಡ್ರೈವರ್ ಬೇರೇನನ್ನೋ ಓದಿ, ಎಂದಿಗೂ ಬಾರದ ಉತ್ತರಕ್ಕಾಗಿ ಕಾಯುತ್ತ ನಿಂತುಬಿಡಬಹುದು. ಚಿಪ್ಪಿನಲ್ಲಿ ಮಾತ್ರ ಯಾವ ದೋಷವೂ ಇರದು.

ಹತ್ತಾರು ಬಗೆಯ ಯಂತ್ರಗಳಲ್ಲಿ ನಡೆಯುವ ನೆಟ್‌ಬಿಎಸ್‌ಡಿ ಇದಕ್ಕೆ ಕಂಡುಕೊಂಡ ಪರಿಹಾರ ‘ಬಸ್ ಸ್ಪೇಸ್’ ಎಂಬ ಫಂಕ್ಷನ್‌ಗಳ ಗುಂಪು. ಎಷ್ಟನೆಯ ರಿಜಿಸ್ಟರ್, ಎಷ್ಟು ಬೈಟ್ ಎಂಬುದನ್ನಷ್ಟೇ ಡ್ರೈವರ್ ಹೇಳುತ್ತದೆ. ಪೋರ್ಟ್ ಆದೇಶವೋ ಮೆಮೊರಿ ವಿಳಾಸವೋ, ಅಂತರ ಎಷ್ಟು, ಇವೆಲ್ಲವನ್ನು ಆಯಾ ಯಂತ್ರಕ್ಕಾಗಿ ಬರೆದ ಭಾಗ ನೋಡಿಕೊಳ್ಳುತ್ತದೆ. ಆಲ್ಫಾ ಪ್ರೊಸೆಸರ್‌ನ ಮೊದಲ ಮಾದರಿಗಳಲ್ಲಿ ಒಂದೇ ಬೈಟನ್ನು ಓದುವ ಆದೇಶವೇ ಇರಲಿಲ್ಲವೆಂಬುದನ್ನು ನೆನೆದರೆ ಈ ಏರ್ಪಾಡಿನ ಬೆಲೆ ತಿಳಿಯುತ್ತದೆ. ಲಿನಕ್ಸ್‌ನ ‘ರೀಡ್‌ಎಲ್’ ಫಂಕ್ಷನ್ ಕೂಡ ಇದೇ ಜಾತಿಯದು. ಬೈಟ್‌ಗಳ ಕ್ರಮ ಹಿಂದುಮುಂದಾಗಿರುವ ಯಂತ್ರಗಳಲ್ಲಿ ಅದೇ ಸರಿಪಡಿಸಿಕೊಡುತ್ತದೆ.

ಕಪ್ಪುಹಲಗೆಯ ಮೇಲೆ ಎಂಟು ಮನೆಗಳನ್ನು ಬರೆದು 0ಯಿಂದ 7ರವರೆಗೆ ಸಂಖ್ಯೆ ಕೊಡಬೇಕು. ಅಂತರ 1, 2, 4 ಆದಾಗ ಐದನೆಯ ಸಂಖ್ಯೆಯ ಮನೆ ಎಲ್ಲಿ ಬೀಳುವುದೆಂದು ವಿದ್ಯಾರ್ಥಿಗಳೇ ಗುಣಿಸಿ ಹೇಳಲಿ. ಉತ್ತರ 5, 10, 20. ಅನಂತರ ಆ ಗುಣಾಕಾರವನ್ನು ಡ್ರೈವರ್‌ನಲ್ಲಿ ಬರೆಯಬೇಕೋ, ಯಂತ್ರದ ಭಾಗದಲ್ಲೋ ಎಂದು ಕೇಳಿ, ಅವರಲ್ಲೇ ವಾದವಾಗಲು ಬಿಡಬೇಕು.