ಸ್ಲ್ಯಾಬ್ ದಪ್ಪವಾದರೆ ಮನೆ ತಂಪಾದೀತೆ?

ಪ್ರಶ್ನೆ: ಮಣ್ಣಿನ ಮಾಳಿಗೆಯ ಹಳೆ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದೆವು. ಬೇಸಿಗೆಯಲ್ಲಿ ಒಳಗೆ ಕೂರಲಾಗುವುದಿಲ್ಲ. ಈಗ ಮೇಲಂತಸ್ತು ಕಟ್ಟಿಸುತ್ತಿದ್ದೇವೆ. ಅದರ ಸ್ಲ್ಯಾಬನ್ನು ಐದು ಇಂಚಿನ ಬದಲು ಹತ್ತು ಇಂಚು ಹಾಕಿಸಿದರೆ ಸೆಕೆ ತಗ್ಗೀತೆ? ಇದಕ್ಕೆ ಲೆಕ್ಕವೇನಾದರೂ ಇದೆಯೆ?
– ಓದುಗರೊಬ್ಬರು, ರಾಯಚೂರು

ಉತ್ತರ: ಲೆಕ್ಕವಿದೆ, ನೀವೇ ಹಾಕಬಹುದು. ಪದರದ ದಪ್ಪವನ್ನು ಮೀಟರಿನಲ್ಲಿ ಬರೆದು ಆ ವಸ್ತುವಿನ ಉಷ್ಣವಾಹಕತೆಯಿಂದ ಭಾಗಿಸಿ. ಬಂದದ್ದು ಶಾಖಕ್ಕೆ ಆ ಪದರ ಒಡ್ಡುವ ತಡೆ. ಕಾಂಕ್ರೀಟಿನ ವಾಹಕತೆ ಸುಮಾರು 1.58. ಐದು ಇಂಚೆಂದರೆ 0.127 ಮೀಟರ್; ತಡೆ ಬರೀ 0.08. ಸ್ಲ್ಯಾಬಿನ ತಳಕ್ಕೆ ಅಂಟಿದ ತೆಳು ಗಾಳಿಪದರದ ತಡೆ 0.17. ಅಂದರೆ ಕಾಂಕ್ರೀಟಿಗಿಂತ ಗಾಳಿಯೇ ಹೆಚ್ಚು ತಡೆಯುತ್ತಿದೆ! ಎರಡೂ ಸೇರಿ 0.25.

ಇನ್ನು ಕೋಣೆಯ ಲೆಕ್ಕ. ಹತ್ತು ಅಡಿಗೆ ಹನ್ನೆರಡು ಅಡಿ, ಅಂದರೆ ಸುಮಾರು 11 ಚದರ ಮೀಟರ್. ಏಪ್ರಿಲ್ ಬಿಸಿಲಿಗೆ ತಾರಸಿಯ ಮೈ 60 ಡಿಗ್ರಿ, ಒಳಗೆ 34 ಡಿಗ್ರಿ ಎಂದಿಟ್ಟುಕೊಳ್ಳಿ. ವಿಸ್ತೀರ್ಣವನ್ನು 26 ಡಿಗ್ರಿ ವ್ಯತ್ಯಾಸದಿಂದ ಗುಣಿಸಿ 0.25ರಿಂದ ಭಾಗಿಸಿದರೆ ಸುಮಾರು 1,150 ವ್ಯಾಟ್. ನೆತ್ತಿಯ ಮೇಲೆ ಇಸ್ತ್ರಿಪೆಟ್ಟಿಗೆ ಉರಿಸಿಟ್ಟ ಹಾಗೆ.

ಸ್ಲ್ಯಾಬನ್ನು ಹತ್ತು ಇಂಚು ಮಾಡಿದರೂ 870 ವ್ಯಾಟ್ ಇಳಿದೇ ಇಳಿಯುತ್ತದೆ. ಕಾಂಕ್ರೀಟು ಶಾಖವನ್ನು ಹೀರಿಟ್ಟುಕೊಂಡು ತಡವಾಗಿ ಬಿಡುವುದರಿಂದ, ದಪ್ಪ ಸ್ಲ್ಯಾಬು ಸಂಜೆಯ ಸೆಕೆಯನ್ನು ಮಲಗುವ ಹೊತ್ತಿಗೆ ದೂಡುತ್ತದೆ, ಅಷ್ಟೆ. ಮೇಲಾಗಿ ಪ್ರತಿ ಚದರ ಮೀಟರಿಗೆ 300 ಕಿಲೋಗೂ ಮಿಕ್ಕ ಭಾರ ಕಂಬ, ತೊಲೆಗಳ ಮೇಲೆ ಬೀಳುತ್ತದೆ.

ನಿಮ್ಮ ಹಳೆ ಮಾಳಿಗೆಯ ಒಂದಡಿ ಮಣ್ಣಿನ ತಡೆ ಸುಮಾರು 0.6, ಸ್ಲ್ಯಾಬಿನ ಏಳು ಪಟ್ಟು! ತಂಪಿನ ಗುಟ್ಟು ಅದೇ. ಎರಡು ಇಂಚು ಥರ್ಮಾಕೋಲಿನದು ಇನ್ನೂ ಹೆಚ್ಚು, 1.25. ಅದನ್ನು ಸ್ಲ್ಯಾಬಿನ ಮೇಲೆ ಹಾಸಿದರೆ 1,150 ವ್ಯಾಟ್ 190ಕ್ಕೆ ಕುಸಿಯುತ್ತದೆ. ಏನೂ ಹಾಸದೆ ಬಿಳಿ ಬಣ್ಣ ಬಳಿದು ತಾರಸಿಯ ಮೈಯನ್ನು 45 ಡಿಗ್ರಿಗೆ ತಂದರೂ 500ರೊಳಗೆ ನಿಲ್ಲುತ್ತದೆ.

ಗೋಡೆಗೂ ಇದೇ ಸೂತ್ರ. ಒಂಬತ್ತು ಇಂಚು ಇಟ್ಟಿಗೆಯ ತಡೆ 0.28, ಬಿಸಿಲೂ ತಾರಸಿಯಷ್ಟು ಬೀಳದು. ಆದ್ದರಿಂದ ಮೊದಲು ಮಾಳಿಗೆ ನೋಡಿ, ಆಮೇಲೆ ಪಡುವಣ ಗೋಡೆ.

ಸ್ಲ್ಯಾಬಿನ ದಪ್ಪವನ್ನು ಭಾರದ ಲೆಕ್ಕ ನೋಡುವ ಎಂಜಿನಿಯರಿಗೆ ಬಿಡಿ. ಉಳಿದ ಐದು ಇಂಚಿನ ದುಡ್ಡನ್ನು ಗಟ್ಟಿ ಥರ್ಮಾಕೋಲ್ ಹಲಗೆ, ನೀರು ಸೋರದ ಪದರ, ಬಿಳಿ ಟೈಲ್ಸಿಗೆ ಹಾಕಿ.