ಮಡಿಕೇರಿಯಲ್ಲಿ ಅರ್ಧ ದಿನ ಸೈನಿಕರಿಗಾಗಿ

ಮಡಿಕೇರಿಗೆ ಹೊರಟವರ ಪಟ್ಟಿಯಲ್ಲಿ ರಾಜಾಸೀಟು, ಅಬ್ಬಿ ಜಲಪಾತ, ತಲಕಾವೇರಿ ಇದ್ದೇ ಇರುತ್ತವೆ. ಆ ಪ್ರವಾಸದಲ್ಲಿ ಅರ್ಧ ದಿನವನ್ನು ಸೈನಿಕರಿಗಾಗಿ ಎತ್ತಿಡಿ. ಸೈನ್ಯಕ್ಕೆ ಮಕ್ಕಳನ್ನು ಕಳಿಸದ ಮನೆಗಳು ಕೊಡಗಿನಲ್ಲಿ ಕಡಿಮೆ. ನೀವು ಉಳಿದುಕೊಳ್ಳುವ ಹೋಂಸ್ಟೇಯ ಯಜಮಾನರೇ ನಿವೃತ್ತ ಸುಬೇದಾರರಾಗಿದ್ದರೂ ಆಶ್ಚರ್ಯವಿಲ್ಲ.

ಕೊಡಗಿಗೆ ರೈಲಿಲ್ಲ. ಮೈಸೂರಿನವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಹುಣಸೂರು, ಕುಶಾಲನಗರದ ದಾರಿಯಾಗಿ ಬಸ್ಸಿನಲ್ಲಿ ಸುಮಾರು 120 ಕಿ.ಮೀ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದಿಲ್ಲ. ರಸ್ತೆ ಕುಸಿಯುವುದೂ ಉಂಟು. ಈ ಪ್ರವಾಸಕ್ಕೆ ಜನವರಿಯೇ ಸರಿ. 1949ರ ಜನವರಿ 15ರಂದು ಕೊಡಗಿನ ಕಾರ್ಯಪ್ಪನವರು ಬ್ರಿಟಿಷ್ ಜನರಲ್ ಬುಚರ್ ಅವರಿಂದ ಭಾರತೀಯ ಸೇನೆಯ ಹೊಣೆ ವಹಿಸಿಕೊಂಡರು. ಸೇನಾ ದಿನ ಬಂದದ್ದು ಹೀಗೆ. ಅವರು ನಿವೃತ್ತರಾದದ್ದು 1953ರ ಜನವರಿ 14ರಂದು. ಆ ದಿನವನ್ನು ಈಗ ಮಾಜಿ ಸೈನಿಕರ ದಿನವಾಗಿ ಆಚರಿಸುತ್ತಾರೆ.

ಊರೊಳಗೆ ಮೊದಲು ನೋಡಬೇಕಾದದ್ದು ಜನರಲ್ ತಿಮ್ಮಯ್ಯ ಸ್ಮಾರಕ ಭವನ. ಇದು ಅವರು ಹುಟ್ಟಿ ಬೆಳೆದ 'ಸನ್ನಿಸೈಡ್' ಮನೆ. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಇದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ವಾರದ ರಜೆ ಯಾವ ದಿನವೆಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಮಕ್ಕಳಿದ್ದರೆ ಕಾಶ್ಮೀರ ಯುದ್ಧದ ಜೋಜಿ ಲಾ ಕಥೆಯನ್ನು ದಾರಿಯಲ್ಲೇ ಹೇಳಿ ಮುಗಿಸಿರಿ: 1948ರ ನವೆಂಬರ್ 1ರಂದು, ಹಿಮ ಮುಚ್ಚಿದ ಆ ಕಣಿವೆ ದಾರಿಗೆ ತಿಮ್ಮಯ್ಯನವರು ಟ್ಯಾಂಕುಗಳನ್ನು ಹತ್ತಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕು ಬರುತ್ತದೆಂದು ಎದುರಾಳಿ ಎಣಿಸಿಯೇ ಇರಲಿಲ್ಲ. ಲಡಾಖ್‌ನ ದಾರಿ ತೆರೆಯಿತು. ಮುಂದೆ 1957ರಿಂದ 1961ರವರೆಗೆ ಅವರು ಸೇನಾ ಮುಖ್ಯಸ್ಥರಾಗಿದ್ದರು. 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ಮುನ್ನಡೆಸುತ್ತಿದ್ದಾಗಲೇ ತೀರಿಕೊಂಡರು. ಇಷ್ಟು ತಿಳಿದು ಒಳಗೆ ಕಾಲಿಟ್ಟರೆ ಗೋಡೆಯ ಮೇಲಿನ ಚಿತ್ರಗಳು ಮಾತಾಡುತ್ತವೆ.

ಅಲ್ಲಿಂದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರತಿಮೆಯ ಬಳಿಗೆ ಹೋಗಿ. ಹೆಚ್ಚಿನವರು ವಾಹನದಿಂದ ಇಳಿಯದೆ ಮುಂದೆ ಹೋಗಿಬಿಡುತ್ತಾರೆ. ದಯವಿಟ್ಟು ಇಳಿಯಿರಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಅವರ ಹಳೆಯ ಮಿಸ್ಟೇರ್ ವಿಮಾನಕ್ಕೆ ಎದುರಾದದ್ದು ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್. ತಮ್ಮ ವಿಮಾನಕ್ಕೆ ಗುಂಡು ತಗುಲಿದ್ದರೂ ಅವರು ತಿರುಗಿಬಿದ್ದು ಅದನ್ನು ಉರುಳಿಸಿದರು, ತಾವು ಮರಳಲಿಲ್ಲ. ಅಲ್ಲಿ ನಡೆದದ್ದೇನೆಂದು ನಮ್ಮವರಿಗೆ ಗೊತ್ತಾಗಲು ವರ್ಷಗಳೇ ಹಿಡಿದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಅಂದರೆ 23 ವರ್ಷದ ಮೇಲೆ. ಅಷ್ಟೂ ವರ್ಷ ಆ ಮನೆಯವರು ಕಾದದ್ದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಕೃತಜ್ಞತೆ ತಡವಾಗಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕೇ. ಹೂವಿನ ಹಾರ ಹಾಕಿ ಬಂದರೆ ಸಾಲದು, ಬದುಕಿರುವವರ ಜೊತೆಗೂ ಮಾತಾಡಿ ಬನ್ನಿ.

ಮಾಜಿ ಸೈನಿಕರೊಬ್ಬರು ಪರಿಚಯವಾದರೆ 'ನಮಸ್ಕಾರ ಸರ್, ಯಾವ ರೆಜಿಮೆಂಟಿನಲ್ಲಿದ್ರಿ?' ಎಂದು ಕೇಳಿ. ಈ ಒಂದು ಪ್ರಶ್ನೆಗೆ ಎಂಥ ಮುಖವೂ ಅರಳುತ್ತದೆ. ಕುರ್ಚಿಯಲ್ಲಿ ಒರಗಿದ್ದವರು ನೆಟ್ಟಗೆ ಕೂರುತ್ತಾರೆ. ಎಲ್ಲೆಲ್ಲಿ ಪೋಸ್ಟಿಂಗ್ ಇತ್ತು, ಚಳಿಗೆ ಏನು ಮಾಡ್ತಿದ್ರಿ, ಮನೆಗೆ ಎಷ್ಟು ತಿಂಗಳಿಗೊಮ್ಮೆ ರಜೆ ಸಿಗ್ತಿತ್ತು ಎಂದು ಮುಂದುವರಿಸಬಹುದು. ಎಷ್ಟು ಜನರನ್ನು ಕೊಂದಿರಿ ಎಂದು ಮಾತ್ರ ಯಾವತ್ತೂ ಕೇಳಬೇಡಿ. ಮಕ್ಕಳು ಕೇಳದಂತೆಯೂ ಮೊದಲೇ ಹೇಳಿಟ್ಟಿರಿ. ಅವರು ಮಾತು ನಿಲ್ಲಿಸಿದರೆ ನೀವೂ ಸುಮ್ಮನಿರಿ. ಕೇಳದೆ ಫೋಟೊ ತೆಗೆಯಬೇಡಿ. ಕಾಫಿ ತಂದಿಟ್ಟ ಮನೆಯೊಡತಿಯನ್ನು ಮರೆಯದೆ ಮಾತಾಡಿಸಿ. ಗಂಡ ಗಡಿಯಲ್ಲಿದ್ದಾಗ ತೋಟ, ಮಕ್ಕಳು, ಅತ್ತೆ ಮಾವಂದಿರು ಎಲ್ಲ ಅವರ ಹೆಗಲ ಮೇಲಿತ್ತು. ಜನವರಿಯಲ್ಲಿ ಕಾಫಿ ಕೊಯ್ಲು ಇರುವುದರಿಂದ ಬೆಳಿಗ್ಗೆ ಮನೆಯವರಿಗೆ ಪುರುಸೊತ್ತು ಇರುವುದಿಲ್ಲ, ಸಂಜೆ ಹೋಗಿ. ಕಾರ್ಯಪ್ಪನವರ 'ರೋಶನಾರಾ' ಖಾಸಗಿ ಮನೆ, ಹೇಳದೆ ಕೇಳದೆ ಗೇಟು ತಟ್ಟುವುದು ಬೇಡ.

ಹಣದ ನೆರವು ಕೊಡುವ ಮನಸ್ಸಿದ್ದರೆ ಯಾರ ಕೈಗೂ ನೋಟು ತುರುಕಬೇಡಿ. ಸ್ವಾಭಿಮಾನಿಗಳಿಗೆ ಅದು ನೋವು ಕೊಡುತ್ತದೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಮಡಿಕೇರಿಯಲ್ಲೇ ಇದೆ. ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಗೆ ಅಲ್ಲಿ ದೇಣಿಗೆ ಕೊಡಬಹುದು. ಯುದ್ಧದಲ್ಲಿ ಮಡಿದವರ ಪತ್ನಿಯರಿಗೆ, ಅಂಗವಿಕಲರಾದ ಸೈನಿಕರಿಗೆ ನೆರವಾಗುವ ನಿಧಿ ಅದು. ಧ್ವಜ ದಿನ ಡಿಸೆಂಬರ್ 7ರಂದು ಬಂದರೂ ದೇಣಿಗೆಗೆ ಆ ದಿನವೇ ಬೇಕೆಂದಿಲ್ಲ. ಕಚೇರಿಯ ವೇಳೆಯಲ್ಲಿ ಹೋಗಿ ರಸೀದಿ ಪಡೆಯಿರಿ.